ಐದು ರೂಪಾಯಿಯ ಕೈಪದರ

ಹೆಣ್ಣುಮಕ್ಕಳ ಹಾಸ್ಟೆಲ್, ಹುಬ್ಬಳ್ಳಿ
ಫೆಬ್ರವರಿ 31, 2191

ಇನ್ನೂ ಚಿಲ್ಲರೆ ಎಣಿಸಿ ಕೊಡುವವರಿಗೆ,

ತಾರೀಖು ನೋಡಿ ನಗಬೇಡಿ. ಮೇ ತಿಂಗಳಲ್ಲಿ ಹೊರಗೆ ಕಾಲಿಡಲು ಆಗುವುದಿಲ್ಲವೆಂದು ಅದರ ಕೆಲವು ದಿನಗಳನ್ನು ಫೆಬ್ರವರಿಗೆ ತಂದು ಸೇರಿಸಿದ್ದಾರೆ. ನನ್ನ ಕನ್ನಡವೂ ವಿಚಿತ್ರ ಅನ್ನಿಸಬಹುದು, ಸಾರಿ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಬೆಳೆದೆ. ಅರ್ಧ ಭಾಷೆ ಮೆಸ್ಸಿನದು, ಅರ್ಧ ಇಂಗ್ಲಿಷ್ ಮೀಡಿಯಮ್ಮಿನದು. ಈಗ ಫಸ್ಟ್ ಇಯರ್. ಬರಹ ಹಿಂದಿನ ಕಾಲಕ್ಕೆ ಹೋಗುತ್ತದೆ, ವಸ್ತು ಹೋಗುವುದಿಲ್ಲ ಎಂದು ಫಿಸಿಕ್ಸ್ ಲ್ಯಾಬಿನ ಅಕ್ಕ ಹೇಳಿದರು. ಹೇಗೆ ಅಂತ ನನ್ನನ್ನು ಕೇಳಬೇಡಿ.

ನಿಮ್ಮ ಕಾಲದ ನಾಣ್ಯ ಸಂಗ್ರಾಹಕರ ಬಗ್ಗೆ ಪಾಠದಲ್ಲಿ ಓದಿದ್ದೇವೆ. ಚಾಲ್ತಿಯಲ್ಲಿ ಸವೆದದ್ದನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲವಂತೆ. ಟಂಕಸಾಲೆಯಿಂದ ಬಂದ ಹಾಗೇ ಹೊಳೆಯಬೇಕು, ಇಲ್ಲವೇ ಅಚ್ಚು ತಪ್ಪಿರಬೇಕು. ಇಲ್ಲದಿದ್ದರೆ ಐದು ರೂಪಾಯಿಗೆ ಐದೇ ರೂಪಾಯಿ. ಇಲ್ಲಿ ಎಲ್ಲ ಉಲ್ಟಾ. ಹೊಳೆಯುವ ನಾಣ್ಯ ಅಂಗಿಯ ಗುಂಡಿಗೆ ಸಮ. ಬೆಲೆ ಇರುವುದು ಕೈಪದರಕ್ಕೆ, ಅಂದರೆ ಅಕ್ಷರಗಳ ಸಂದಿಯಲ್ಲಿ ಕೂತ ಬೆವರು, ಜಿಡ್ಡು, ಕೊಳೆಗೆ. ಅದನ್ನು ಯಂತ್ರದಲ್ಲಿ ಓದಿ, ಯಾರ ಹಿರಿಯರು ಈ ಊರಿನ ಪೇಟೆಯಲ್ಲಿ ಕೊಟ್ಟು ತೆಗೆದುಕೊಂಡಿದ್ದರು ಎಂದು ಸಂಗ್ರಾಹಕರು ಹೇಳುತ್ತಾರೆ. ನಾಣ್ಯ ಅವರ ಪೆಟ್ಟಿಗೆಗೆ ಹೋಗುತ್ತದೆ, ನಮಗೆ ನೆಲೆಚೀಟಿ ಸಿಗುತ್ತದೆ. ಚೀಟಿ ಇದ್ದವರು ಊರಲ್ಲಿರಬಹುದು. ಇಲ್ಲದವರಿಗೆ ಹೊರಬಸ್ಸು. ಅದು ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲ. ಹತ್ತಿದವರು ಯಾರೂ ಇದುವರೆಗೆ ಫೋನ್ ಮಾಡಿಲ್ಲ.

ನನ್ನ ರೂಮ್‌ಮೇಟ್ ಮೇದಿನಿಯ ಹತ್ತಿರ ಒಂದೇ ನಾಣ್ಯವಿತ್ತು, ಅವಳ ಮನೆತನದ ಹಿರಿಯಜ್ಜಿಯದು. ಹಳದಿ ಬಣ್ಣದ ಐದು ರೂಪಾಯಿ, ಕಪ್ಪುಗಟ್ಟಿತ್ತು. ಹಾಸ್ಟೆಲಿನಲ್ಲಿ ಪ್ರತಿ ಶುಕ್ರವಾರ ನಾವು ಹುಣಸೆಹಣ್ಣು ಹಚ್ಚಿ ದೀಪ ತಿಕ್ಕುತ್ತೇವೆ. ತಪಾಸಣೆಗೆ ಒಯ್ಯುವ ಮೊದಲು ಮೇದಿನಿ ಅಜ್ಜಿಯ ನಾಣ್ಯವನ್ನೂ ದೀಪದ ಜೊತೆ ಕೂತು ತಿಕ್ಕಿದಳು. ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ಅದು ಫಳಫಳ ಹೊಳೆಯುತ್ತಿತ್ತು.

ಸಂಗ್ರಾಹಕರ ಕಡೆಯ ಕಟ್ಟೀಮನಿ ಸರ್ ಅದನ್ನು ಯಂತ್ರಕ್ಕೆ ಇಡಲೂ ಇಲ್ಲ.

“ಯಾರ ಹೇಳಿದ್ರವಾ ಇದನ್ನ ತೊಳಿಯಾಕ?”

“ದೀಪ ತಿಕ್ಕೂದಿಲ್ಲೇನ್ರಿ ಸರ? ಅಜ್ಜೀದು, ಹೊಲಸ ಹ್ಯಾಂಗ ತರೂದು ಅಂತ...”

“ಹೊಲಸಲ್ಲ ತಂಗಿ, ಅದ ನಿನ್ನ ಅಜ್ಜಿ. ಆಕೀನ್ನ ಮೋರಿಗೆ ಬಿಟ್ಟಿ.”

ಹಿಂದೆ ಕ್ಯೂನಲ್ಲಿದ್ದ ಯಾರೋ ನಕ್ಕರು. ಮೇದಿನಿಯೂ ನಕ್ಕಳು, ಜೋಕ್ ಅಂದುಕೊಂಡು. ಆಮೇಲೆ ಅವಳ ಹೆಸರನ್ನು ನಾಳಿನ ಬಸ್ಸಿಗೆ ಬರೆದುಕೊಂಡರು. ಬಸ್ಸು ಹೊರಡುವುದರೊಳಗೆ ಬೇರೆ ನಾಣ್ಯ ತಂದರೆ ಬಿಡುತ್ತಾರೆ. ರೂಮಿಗೆ ಬಂದವಳು ನನ್ನನ್ನೇ ಸಮಾಧಾನ ಮಾಡುತ್ತಾಳೆ: “ಅಳಬ್ಯಾಡಲೇ, ನನ್ನ ಕಾಟ್ ನಿನಗ ಸಿಗತೈತಿ, ಕಿಟಕಿ ಬಾಜೂಕಿಂದು.” ಬಾಯಲ್ಲಿ ಅನ್ನುತ್ತಾಳೆ ಅಷ್ಟೆ. ಊಟ ಮಾಡಿಲ್ಲ.

ಆದ್ದರಿಂದ ನಿಮ್ಮಲ್ಲಿ ಕೇಳುತ್ತಿದ್ದೇನೆ. ಆ ಅಜ್ಜಿಯ ಹೆಸರು ನೀಲವ್ವ. ನಿಮ್ಮ ಕಾಲದಲ್ಲಿ ದುರ್ಗದಬೈಲು ಪೇಟೆಯಲ್ಲಿ ಮಂಡಕ್ಕಿ ಗಿರಮಿಟ್ ಗಾಡಿ ಇಟ್ಟಿದ್ದಾಳೆ. ಕೈ ತುಂಬ ಎಣ್ಣೆ, ಖಾರ. ಅಂಥ ಕೈಪದರ ನೂರಾರು ವರ್ಷ ನಿಲ್ಲುತ್ತದೆ. ಹೋಗಿ ಒಂದು ಪ್ಲೇಟ್ ತಿನ್ನಿ. “ರೊಕ್ಕ ಫೋನಿನ್ಯಾಗ ಹಾಕ್ರಿ” ಅಂದರೆ ಕೇಳಬೇಡಿ. ನೋಟು ಕೊಟ್ಟು ಚಿಲ್ಲರೆ ಇಸಿದುಕೊಳ್ಳಿ. ಅವಳ ಬೆರಳಿಂದಲೇ ಬಂದ ನಾಣ್ಯವನ್ನು ಒರೆಸದೆ, ಗಾಜಿನ ಸೀಸೆಯಲ್ಲಿಟ್ಟು ಮುಚ್ಚಳ ಬಿಗಿದು, ನೃಪತುಂಗ ಬೆಟ್ಟದ ತುದಿಯಲ್ಲಿ ಊರಿನ ಕಡೆ ಮುಖ ಮಾಡಿದ ದೊಡ್ಡ ಬಂಡೆಯ ಬುಡದಲ್ಲಿ ಹೂಳಿ. ದಯವಿಟ್ಟು ಆಳವಾಗಿ.

ಈ ಪತ್ರಕ್ಕೆ ಕೂರುವ ಮೊದಲು ಹೋಗಿ ಅಗೆದು ನೋಡಿದೆ. ಬರೀ ಮಣ್ಣು. ನೀವಿನ್ನೂ ಓದಿರಲಿಲ್ಲ, ಅದಕ್ಕೇ ಇರಬೇಕು. ಬೆಳಿಗ್ಗೆ ಬಸ್ಸು ಬರುವ ಮೊದಲು ಮೇದಿನಿಯನ್ನೂ ಕರೆದುಕೊಂಡು ಮತ್ತೆ ಹೋಗುತ್ತೇನೆ.

ನಿಮ್ಮ,
ಇಂಚರಾ