ತೊಂಬತ್ತೇಳು ನಿಮಿಷದ ನಕ್ಷತ್ರ

ಮೈಲೂರ, ಬೀದರ
೧೨ ಮೇ ೨೦೧೯

ಪುಣೆಯ ಹಡಪಸರದಲ್ಲಿ, ಏಳುತ್ತಿರುವ ಕಟ್ಟಡದ ಮಗ್ಗುಲ ಶೆಡ್ಡುಗಳಲ್ಲಿ ಸೇರಿರುವ ಡಾಬಕಾ ಗ್ರಾಮದ ಸಮಸ್ತ ಬಂಧುಗಳಿಗೆ, ಭಾಲ್ಕಿಯ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮನ್ಮಥಪ್ಪ ಹಲಬರ್ಗೆಯ ಶರಣು ಮತ್ತು ಜೈಭೀಮ.

ಮೊದಲು ಹಿರಿಯರಾದ ಶಾಲುಬಾಯಿಯವರಿಗೆ ನನ್ನ ಕೃತಜ್ಞತೆ. ಈ ಪತ್ರವನ್ನು ಓದಿಸಿ ಕೇಳಲು ತಾವು ಒಪ್ಪಿದಿರೆಂದು ಔರಾದ್–ಪುಣೆ ಬಸ್ಸಿನ ಡ್ರೈವರ್ ಯುನುಸ ತಿಳಿಸಿದ. ಒಪ್ಪುವಾಗ ತಾವು ಆಡಿದ ಮಾತನ್ನೂ ಅವನು ಮರೆಯದೆ ತಂದು ಮುಟ್ಟಿಸಿದ: "ಬರೀಲಿ ಬಿಡ್ರಿ. ಕಾಗದಕ್ಕೇನ್ ಕೈಕಾಲ ಅದಾವಾ? ಬ್ಯಾಡಾದ್ರ ಒಲಿಗಿ ಹಾಕ್ತೇನಿ." ಒಲೆಗೆ ಹಾಕುವ ಮುನ್ನ ಕೊನೆಯವರೆಗೆ ಕೇಳಬೇಕೆಂಬುದಷ್ಟೇ ನನ್ನ ಬಿನ್ನಹ. ಗುರುವಾರದ ಸುಟ್ಟಿಯ ದಿನ ಎಲ್ಲರನ್ನೂ ಒಂದೆಡೆ ಕೂಡಿಸಿದ ಕೂಲಿಯವರ ಮೇಲಾಳಾದ ಮುಕಾದಮ ವೈಜಿನಾಥರಿಗೂ ನಾನು ಋಣಿ.

ಓದುತ್ತಿರುವವಳು ಯಶೋಧರಾ ಎಂಬುದನ್ನು ಬಲ್ಲೆ. ಶಾಲುಬಾಯಿಯವರ ಮೊಮ್ಮಗಳು, ಮಚ್ಛೇಂದ್ರರ ಮಗಳು, ನನ್ನ ವಿದ್ಯಾರ್ಥಿನಿ. ಒಂದೂವರೆ ತಿಂಗಳಿನಿಂದ ನನ್ನ ಫೋನು ಎತ್ತದ ಹುಡುಗಿ, ಅಜ್ಜಿ ಹೇಳಿದರೆ ನನ್ನ ಕಾಗದ ಓದದೆ ಇರಲಾರಳು; ಇದು ನಾನು ಯೋಚಿಸಿಯೇ ಹೂಡಿದ ಉಪಾಯ. ಮಗಾ, ಒಂದು ಸಾಲನ್ನೂ ದಾಟಿಸಬೇಡ. ಕನ್ನಡ ಅರ್ಥವಾಗದ ಹಿರಿಯರಿಗೆ ಮರಾಠಿಯಲ್ಲಿ ಹೇಳು. ನಿನ್ನ ಹೊಗಳಿಕೆ ಬಂದಲ್ಲಿ ದನಿ ತಗ್ಗಿಸಬೇಡ. ನನ್ನ ತಪ್ಪು ಬಂದಲ್ಲಿ ದನಿ ಏರಿಸು.

ನಾನು ಬೇಡುವುದು ಒಂದೇ. ಪುಣೆಯಲ್ಲೇ ಇರುವ ಒಂದು ಸಂಶೋಧನಾ ಸಂಸ್ಥೆಯಲ್ಲಿ ಜುಲೈ ಒಂದರಿಂದ ಮೂರು ತಿಂಗಳ ತರಬೇತಿ ಇದೆ. ಆಕಾಶದಲ್ಲಿ ಸುತ್ತುವ ನಮ್ಮ ದೇಶದ ದೂರದರ್ಶಕ ಕಳುಹಿಸಿದ ಮಾಹಿತಿಯಿಂದ ನಕ್ಷತ್ರಗಳನ್ನೂ ಗ್ಯಾಲಕ್ಸಿಗಳನ್ನೂ ಅಭ್ಯಾಸ ಮಾಡುವುದನ್ನು ಅಲ್ಲಿ ಕಲಿಸುತ್ತಾರೆ. ಯಶೋಧರೆಯನ್ನು ಅಲ್ಲಿಗೆ ಕಳುಹಿಸಿಕೊಡಿ. ತಮ್ಮ ಶೆಡ್ಡಿನಿಂದ ಅದು ಎರಡು ಸಿಟಿ ಬಸ್ಸಿನಷ್ಟು ದೂರ. ಬೀದರಿನಿಂದ ಅವಳಿಗೆ ಅದನ್ನು ತೋರಿಸಿ ಬರಲು ನಾನು ಹೋಗಿಬರುವ ಹದಿನಾರು ತಾಸಿನ ಪ್ರವಾಸ ಯೋಜಿಸುತ್ತಿದ್ದೆ. ಮಳೆ ಕೈಕೊಟ್ಟು ಊರಿಗೆ ಊರೇ ಅದರ ಹತ್ತಿರ ಹೋಗಿ ಕುಳಿತಿದೆ.

ಆದರೆ ಶಾಲುಬಾಯಿಯವರು ಬೇಡ ಎಂದಿದ್ದಾರೆ. ಅದಕ್ಕೆ ಕಾರಣವಿದೆ, ಮತ್ತು ಆ ಕಾರಣ ತಮ್ಮೆಲ್ಲರ ಕಣ್ಣೆದುರೇ ನಡೆದದ್ದು. ತಮಗೆ ಕಂಡ ರೀತಿಯಲ್ಲಿ ಅದು ನಡೆಯಲಿಲ್ಲವೆಂದು ತಿಳಿಸುವುದಕ್ಕಾಗಿ ಈ ಪತ್ರ.

ಬಿ.ಎಸ್ಸಿ. ಮುಗಿಸಿದ ಮೇಲೆ ಯಶೋಧರಾ ಒಂದು ವರ್ಷ ನನ್ನ ಮನೆಯ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಿದಳು. ದೂರದರ್ಶಕದ ಹಳೆಯ ಮಾಹಿತಿಯನ್ನು ಈಗ ಯಾರು ಬೇಕಾದರೂ ಕೇಳಿ ಪಡೆಯಬಹುದು. ನಾವು ಆರಿಸಿಕೊಂಡದ್ದು ಒಂದು ಸತ್ತ ನಕ್ಷತ್ರ. ಸೂರ್ಯನಿಗಿಂತ ಹೆಚ್ಚಿನ ತೂಕ. ಅಡ್ಡಳತೆ ಮಾತ್ರ ಬೀದರಿನಿಂದ ಜನವಾಡಕ್ಕೆ ಹೋಗಿ ಮರಳಿ ಬಂದಷ್ಟು. ಸತ್ತರೂ ಸುಮ್ಮನಿರುವ ಜಾತಿಯದಲ್ಲ. ಪಕ್ಕದ ಜೀವಂತ ನಕ್ಷತ್ರದಿಂದ ಅನಿಲವನ್ನು ಎಳೆದುಕೊಂಡು, ಕಾದು, ಎಕ್ಸ್-ರೇ ಸೂಸುತ್ತಿರುತ್ತದೆ.

ಇದನ್ನು ಡಾಬಕಾದ ಸಮಾಜ ಮಂದಿರದಲ್ಲಿ ವಿವರಿಸಿದಾಗ ಭಾಗೀರಥಿಬಾಯಿಯವರು ಎದ್ದು ನಿಂತು, ಆ ದುರ್ಬೀನನ್ನು ಎರಡು ದಿನ ಕೆಳಗೆ ತಿರುಗಿಸಿ ನಮ್ಮ ಬೋರಿಗೆ ನೀರಿನ ಜಾಗ ತೋರಿಸಲು ಬರುವುದೇ ಎಂದು ಕೇಳಿದ್ದು ತಮಗೆ ನೆನಪಿರಬಹುದು. ಅದು ಭೂಮಿಯ ಕಡೆ ನೋಡುವುದಿಲ್ಲ ಎಂದೆ. ಆಗ ಶಾಲುಬಾಯಿಯವರು, "ಮಂದಿ ಮನಿ ಬಾಗಲಾ ನೋಡತದ, ತಾನ್ ಹುಟ್ಟಿದ ಮನಿ ನೋಡಂಗಿಲ್ಲ. ಮದುವ್ಯಾದ ಮಗನ ಗತಿ ಅದ ನೋಡ್ರಿ ಇದು" ಎಂದರು. ಅವರ ಮಗ ಮಚ್ಛೇಂದ್ರರು ತಲೆ ತಗ್ಗಿಸಿ ಚಪ್ಪಲಿ ಹುಡುಕಿದರು. ಮೂವತ್ತೊಂದು ವರ್ಷದ ಅಧ್ಯಾಪನದಲ್ಲಿ ಒಂದು ಉಪಕರಣದ ಇಷ್ಟು ಸಂಕ್ಷಿಪ್ತ ವರ್ಣನೆಯನ್ನು ನಾನು ಕೇಳಿರಲಿಲ್ಲ.

ಫೆಬ್ರವರಿಯಲ್ಲಿ ನಮ್ಮ ನಕ್ಷತ್ರ ಒಂದು ವಿಚಿತ್ರ ತೋರಿಸಿತು. ತೊಂಬತ್ತೇಳು ನಿಮಿಷಕ್ಕೊಮ್ಮೆ ಮರೆಯಾಗಿ ಮತ್ತೆ ಕಾಣಿಸುತ್ತಿತ್ತು. ಗಡಿಯಾರದಂಥ ಶಿಸ್ತು. ಜೊತೆಯ ನಕ್ಷತ್ರ ಅಡ್ಡ ಬರುತ್ತಿದೆ, ಇದುವರೆಗೆ ಯಾರೂ ಇದನ್ನು ಕಂಡಿಲ್ಲ ಎಂದು ನಾನು ಆ ಸಂಜೆಯೇ ತೀರ್ಮಾನಿಸಿದೆ. ಮರುದಿನವೇ ಹೋಗಿ ಅವಳ ಸತ್ಕಾರಕ್ಕೆ ಸಭಾಭವನ ಗೊತ್ತುಮಾಡಿದೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ನಂತರ ಎಂಬ ವಿವೇಕ ನನಗೆ ಹುಟ್ಟಿನಿಂದಲೇ ಕಡಿಮೆ.

ವಿಜ್ಞಾನ ದಿನದಂದು ಡಾಬಕಾದಿಂದ ಎರಡು ಟ್ರ್ಯಾಕ್ಟರ್ ತುಂಬ ಜನ ಭಾಲ್ಕಿಗೆ ಬಂದಿರಿ. ಹನ್ನೆರಡು ಅಡಿಯ ಬ್ಯಾನರಿನಲ್ಲಿ ಯಶೋಧರೆಯ ಭಾವಚಿತ್ರ ಸಣ್ಣದಾಗಿಯೂ ನನ್ನದು ದೊಡ್ಡದಾಗಿಯೂ ಇತ್ತು. ಅವಳ ತಲೆಗೆ ಫೇಟಾ ಸುತ್ತಿಸಿದೆ; ಅದು ಕಣ್ಣಿನ ಮೇಲೆ ಇಳಿದು, ನಾನು ಮಾತನಾಡಿದ ನಲವತ್ತು ನಿಮಿಷವೂ ಅವಳು ಒಂದೇ ಕಣ್ಣಿನಲ್ಲಿ ಸಭೆಯನ್ನು ನೋಡಿದಳು.

ನಾನು ಕಳುಹಿಸಿದ್ದ ವರದಿಗೆ ಮಾರ್ಚಿನಲ್ಲಿ ಪುಣೆಯ ಆ ಸಂಸ್ಥೆಯ ವಿಜ್ಞಾನಿಯೊಬ್ಬರು ಉತ್ತರ ಬರೆದರು. "ತಮ್ಮ ನಕ್ಷತ್ರ ಮರೆಯಾಗುವ ಅವಧಿಯೂ ದೂರದರ್ಶಕ ಭೂಮಿಯನ್ನು ಒಮ್ಮೆ ಸುತ್ತುವ ಅವಧಿಯೂ ಒಂದೇ ಆಗಿರುವುದನ್ನು ತಾವು ಗಮನಿಸಿಯೇ ಇರುತ್ತೀರಿ." ನಾನು ಗಮನಿಸಿರಲಿಲ್ಲ. ನಕ್ಷತ್ರಕ್ಕೆ ಅಡ್ಡ ಬರುತ್ತಿದ್ದದ್ದು ನಮ್ಮ ಭೂಮಿ: ಡಾಬಕಾ, ಭಾಲ್ಕಿ, ಆ ಸಭಾಭವನ, ಬ್ಯಾನರು, ಎಲ್ಲವೂ ಸೇರಿದ ಭೂಮಿ.

ಸುದ್ದಿ ಹಬ್ಬಿದ ಮೇಲೆ ನಾನು ಮತ್ತೆ ಡಾಬಕಾಕ್ಕೆ ಬಂದೆ. ಶಾಲುಬಾಯಿಯವರು, "ಕೂಸು ತಾನೇ ಗಿರಗಿರ ತಿರಗಿ, ಮನಿ ತಿರಗಲಾಕತ್ಯಾದ ಅಂದಂಗಾತು" ಎಂದರು. ಶಾಲುಬಾಯಿಯವರೇ, ಎರಡು ಪುಟದಲ್ಲಿ ನಾನು ಹೇಳಲಾರದ್ದನ್ನು ತಾವು ಒಂದೇ ಸಾಲಿನಲ್ಲಿ ಹೇಳಿದಿರಿ. ಆಮೇಲೆ ನನ್ನನ್ನು ನೇರವಾಗಿ ನೋಡಿ, "ಸರ್, ನಮ್ಮ ಪೋರಿಗಿ ಫೇಟಾ ಕಟ್ಟಿದವ್ರು ನೀವು. ಈಗ ಊರ ಮಂದಿ ನಗತಾರ. ತಪ್ಪು ಯಾರದು, ಹೇಳ್ರಿ" ಎಂದು ಕೇಳಿದಿರಿ.

ನಾನು ಹೇಳಿದ್ದು: "ಕಲಿಯುವ ವಯಸ್ಸಿನಲ್ಲಿ ಮಕ್ಕಳಿಂದ ತಪ್ಪಾಗುವುದು ಸಹಜ."

ಆ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಆದರೂ ನಾನು ಆಡಿದ ಅತ್ಯಂತ ದೊಡ್ಡ ಸುಳ್ಳು ಅದೇ. ಎಲ್ಲರೂ ಯಶೋಧರೆಯ ಕಡೆ ನೋಡಿದಿರಿ. ಅವಳು ನನ್ನ ಕಡೆ ನೋಡಿದಳು. ನಾನು ಚಹಾ ಕುಡಿದೆ.

ಮಗಾ, ಇಲ್ಲಿ ದನಿ ಏರಿಸು. ಅವಳ ನೋಟುಬುಕ್ಕು ನನ್ನ ಮೇಜಿನ ಮೇಲಿದೆ. ಸತ್ಕಾರಕ್ಕೆ ಒಂಬತ್ತು ದಿನ ಮೊದಲು, ಅಂಚಿನಲ್ಲಿ ಅವಳು ಬರೆದಿದ್ದಾಳೆ: "ಸರ್, ದೂರದರ್ಶಕದ ಒಂದು ಸುತ್ತಿಗೂ ಇಷ್ಟೇ ಹೊತ್ತು ಹಿಡಿಯುತ್ತದೆ. ಭೂಮಿ ಅಡ್ಡ ಬರುತ್ತಿರಬಹುದೆ?" ಅದರ ಮೇಲೆ ಕೆಂಪು ಶಾಯಿಯ ಗೆರೆ ನನ್ನದು. ಪಕ್ಕದಲ್ಲಿ "ಅನಗತ್ಯ ಸಂಶಯ" ಎಂದು ಬರೆದ ಅಕ್ಷರವೂ ನನ್ನದೇ. ಸಹಿ ಕೂಡ ಹಾಕಿದ್ದೇನೆ. ಆ ಪುಟದ ಝೆರಾಕ್ಸ್ ಈ ಪತ್ರದ ಜೊತೆಗಿದೆ. ದಯವಿಟ್ಟು ಕೈಯಿಂದ ಕೈಗೆ ದಾಟಿಸಿರಿ. ಊರೆದುರು ಅವಳು ಇದನ್ನು ಹೇಳಬಹುದಿತ್ತು. ಮಾಸ್ತರರ ಮಾನ ಉಳಿಯಲೆಂದು ಹೇಳಲಿಲ್ಲ. ವಾರದೊಳಗೆ ತಮ್ಮ ಜೊತೆ ಬಸ್ಸು ಹತ್ತಿದಳು.

ವೈಜಿನಾಥರೇ, ತಾವು ಅವಳನ್ನು "ಸ್ಯಾಟಲೈಟ್ ಬಾಯಿ" ಎಂದು ಕರೆಯುತ್ತೀರೆಂದು ಯುನುಸ ಹೇಳಿದ. ಕರೆಯಿರಿ. ಆದರೆ ಒಂದು ಪ್ರಶ್ನೆ. ಕಾಲಮ್ಮು ಸೊಟ್ಟಗಾಗುತ್ತಿದೆ, ದಾರಕ್ಕೆ ಗುಂಡು ಕಟ್ಟಿ ನೋಡಿ ಎಂದು ಒಬ್ಬಳು ಹೇಳುತ್ತಾಳೆ. ಮೇಸ್ತ್ರಿ ಕೇಳದೆ ಕಾಂಕ್ರೀಟು ಸುರಿಯುತ್ತಾನೆ. ಕೆಲಸದಿಂದ ತಾವು ಬಿಡಿಸುವುದು ಯಾರನ್ನು?

ಏಪ್ರಿಲಿನಲ್ಲಿ ನಾನೊಬ್ಬನೇ ಆ ಮಾಹಿತಿಯನ್ನು ಸರಿಪಡಿಸಲು ಕುಳಿತೆ. ಮೊದಲ ದಿನ ಅರ್ಧ ಕಡತ ಅಳಿಸಿಹೋಯಿತು. ಎರಡನೆಯ ದಿನ ಉಳಿದರ್ಧ. ಹೊಸದಾಗಿ ತರಿಸಿಕೊಂಡು, ಭೂಮಿ ಅಡ್ಡ ಬಂದ ಹೊತ್ತನ್ನೆಲ್ಲ ತೆಗೆದುಹಾಕಿದೆ. ಆಗ ಸುಮಾರು ನಾಲ್ಕು ತಾಸಿಗೊಮ್ಮೆ ಬೆಳಕು ತುಸು ಕುಗ್ಗುವಂತೆ ಕಂಡಿತು. ಸಂತೋಷದಿಂದ ನೋಟುಬುಕ್ಕು ತಿರುವಿದರೆ, ಮುಂದಿನ ಪುಟದಲ್ಲೇ ಯಶೋಧರಾ ಅದನ್ನು ಪೆನ್ಸಿಲಿನಲ್ಲಿ ಗುರುತಿಸಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಅದು ನಿಜವೋ ಅಲ್ಲವೋ ನಾನು ಹೇಳಲಾರೆ. ನನ್ನ ಕಣ್ಣಿಗೆ ನಿಜವೆನಿಸುತ್ತದೆ. ನನ್ನ ಕಣ್ಣಿನ ಯೋಗ್ಯತೆ ಈಗ ಎರಡು ಟ್ರ್ಯಾಕ್ಟರ್ ಜನಕ್ಕೆ ಗೊತ್ತು. ಸಂಶಯಪಡಲು ಬಲ್ಲವರು ಬೇಕು. ನಾನು ಕಂಡ ವಿದ್ಯಾರ್ಥಿಗಳಲ್ಲಿ ಅಂಥವಳು ಒಬ್ಬಳೇ.

ಶಾಲುಬಾಯಿಯವರೇ, ತಾವು ಕಾಯುತ್ತಿರುವುದು ಮೊಮ್ಮಗಳ ಮಾನ. ಅದು ಹೋಗಿಯೇ ಇಲ್ಲ. ಹೋದದ್ದು ನನ್ನದು, ಅದೂ ತಡವಾಗಿ. ಈ ಸಲ ಬ್ಯಾನರು ಇರುವುದಿಲ್ಲ, ಫೇಟಾ ಇರುವುದಿಲ್ಲ, ನನ್ನ ಭಾಷಣವಂತೂ ಇರುವುದಿಲ್ಲ. ಮೂರು ತಿಂಗಳು ಅವಳು ಲೆಕ್ಕ ಹಾಕುತ್ತಾಳೆ, ತಪ್ಪುತ್ತಾಳೆ, ತಿದ್ದುತ್ತಾಳೆ. ಕೊನೆಗೆ ಏನೂ ಸಿಗದಿದ್ದರೂ ಅದು ಸರಿಯಾಗಿ ಮಾಡಿದ ಕೆಲಸವೇ.

ಯಶೋಧರಾ, ನಿನ್ನನ್ನು ಕ್ಷಮೆ ಕೇಳುವ ಮಾತನ್ನು ನಿನ್ನಿಂದಲೇ ಓದಿಸುವುದು ಅನ್ಯಾಯ. ಆದರೂ ಓದು: ನನ್ನನ್ನು ಕ್ಷಮಿಸು. ಇನ್ನು ಕಾಗದ ಮಡಿಚಿ ಅಜ್ಜಿಯ ಕೈಗೆ ಕೊಡು. ಅವರು ಒಪ್ಪಿದರೆ ನಾಳೆಗೆ ಕಾಯಬೇಡ. ಪೆನ್ಸಿಲು ತೆಗೆದುಕೊ, ಆ ನಾಲ್ಕು ತಾಸನ್ನು ಸುಳ್ಳೆಂದು ತೋರಿಸಲು ಇಂದೇ ತೊಡಗು.

ತಮ್ಮೆಲ್ಲರ ಹಿತವನ್ನು ಬಯಸುವ,
ಮನ್ಮಥಪ್ಪ ಹಲಬರ್ಗೆ

ತಾ.ಕ.: ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ಸಂಸ್ಥೆಯವರು ಶಾಲುಬಾಯಿಯವರ ಮೊಬೈಲಿಗೆ ಕರೆ ಮಾಡುತ್ತಾರೆ. ಅರ್ಜಿಗೆ ಏಪ್ರಿಲ್ ಮೂವತ್ತು ಕಡೆಯ ದಿನವಾಗಿತ್ತು. ಅವಳ ಹೆಸರಿನಲ್ಲಿ ನಾನೇ ತುಂಬಿ ಕಳುಹಿಸಿದೆ. "ಮನೆಯ ಹಿರಿಯರ ಒಪ್ಪಿಗೆ ಇದೆಯೇ" ಎಂಬ ಪ್ರಶ್ನೆಗೆ "ಇದೆ" ಎಂದು ಬರೆದಿದ್ದೇನೆ. ಶಾಲುಬಾಯಿಯವರೇ, ಆತುರ ನನ್ನನ್ನು ಇನ್ನೂ ಬಿಟ್ಟಿಲ್ಲವೆಂದು ತಾವು ಬೈಯಬಹುದು. ಆದರೆ ಶನಿವಾರದೊಳಗೆ ಈ ಮಾತನ್ನು ನಿಜ ಮಾಡಬಲ್ಲವರು ತಾವೊಬ್ಬರೇ.