ಇಪ್ಪತ್ತಮೂರನೆಯ ಲುಡೋಲ್ಫ್

ಫಾಲ್ಕೆನ್‌ರೋಡ ಅರಮನೆ,
೯ ಮಾರ್ಚ್ ೧೭೬೪

ಪ್ರೀತಿಯ ಉಲ್ರಿಕಕ್ಕನಿಗೆ,

ನಿನ್ನ ಅಷ್ಟೂ ಪತ್ರಗಳಿಗೆ ಸೇರಿಸಿ ಇದೊಂದೇ ಉತ್ತರ. ಬೈಯಬೇಡ, ತಪ್ಪೆಲ್ಲ ತೊಟ್ಟಿಲಿನದು. ಹೌದು, ಗಂಡು! ಗುಂಡಗಿದ್ದಾನೆ, ಇಡೀ ಅರಮನೆಗೆ ಕೇಳುವಂತೆ ಅಳುತ್ತಾನೆ. ಬಾಣಂತಿಗೆಂದು ಅತ್ತೆ ಹೊತ್ತುಹೊತ್ತಿಗೂ ಬಿಯರ್ ಸಾರು ಕುಡಿಸುತ್ತಾರೆ. ಮಗ್ಗುಲು ತಿರುಗಿದರೆ ಕೊಡದ ಹಾಗೆ ತುಳುಕುತ್ತೇನೆ.

ಈ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ಹುಟ್ಟಿದ ಗಂಡೆಲ್ಲ ಲುಡೋಲ್ಫ್, ಗುರುತಿಗೆ ಒಂದು ಅಂಕೆ. ನನ್ನವರು ಹದಿನೇಳು, ಮೈದುನ ಇಪ್ಪತ್ತೊಂದು. ಗಂಡಸರಿಗೆಲ್ಲ ಅಂಕೆ ಇದೆ, ಅಂಕೆಯಲ್ಲಿರುವವರು ಮಾತ್ರ ಯಾರೂ ಇಲ್ಲ. ಈಗ ರಂಪವಾದದ್ದೂ ಅದಕ್ಕೇ. ಹೋದ ವರ್ಷ ಬೆಳಕು ಹರಿಯುವಾಗ ಹುಟ್ಟಿ, ಚರ್ಚಿನ ಗಂಟೆ ಹೊಡೆಯುವ ಮೊದಲೇ ಹೋದನಲ್ಲ ನನ್ನ ಚೊಚ್ಚಲು, ಅವನ ಇಪ್ಪತ್ತಮೂರನ್ನೇ ಇವನಿಗೆ ಕೊಡಬೇಕೆಂದು ಅತ್ತೆಯ ಹಟ.

“ಗಳಿಗೆ ಹೊತ್ತು ಇದ್ದು ಹೋದೋನಿಗೆ ಒಂದು ಅಂಕೆ ದಂಡ ಮಾಡೋದಾ? ನೀವೇ ಹೇಳ್ರಿ ಪಾದ್ರಿಗಳೇ.”

“ದೀಕ್ಷಾಸ್ನಾನ ಅಂತ ಸೂಲಗಿತ್ತಿ ಅವಸರಕ್ಕೆ ತಲೆಗೆ ನೀರು ಹಾಕಿದ್ದಷ್ಟೇ ಅಮ್ಮಾ, ಹೆಸರು ಹಿಡಿದು ಯಾರೂ ಕರೆದಿಲ್ಲ,” ಎಂದರು ಪಾದ್ರಿ. ಅತ್ತೆಯ ಮೇಜಿನಲ್ಲಿ ದಿನಾ ಉಣ್ಣುವವರು ಇನ್ನೇನು ಹೇಳಿಯಾರು!

ನನ್ನ ಹದಿನೇಳರ ಮುಖ ನೋಡಿದೆ. “ನೋಡೋಣ” ಅಂದವರು ಬೇಟೆನಾಯಿಗಳನ್ನು ನೋಡಲು ಹೋದರು.

ಆ ಅಂಕೆಯೂ ಹೋದರೆ ನನ್ನ ಮೊದಲ ಮಗ ಹುಟ್ಟಿಯೇ ಇರಲಿಲ್ಲ ಎಂದ ಹಾಗಲ್ಲವೇ ಅಕ್ಕ? ಅವತ್ತು ಸಾರಿನ ಬಟ್ಟಲನ್ನು ಮುಟ್ಟದೆ ಹಾಗೇ ವಾಪಸು ಕಳಿಸಿದೆ.

ನಿನ್ನೆ ನನ್ನ ಕೋಣೆಯಲ್ಲೇ ನಾಮಕರಣ. ಅಂಕೆ ಹೇಳುವುದು ಮನೆಯ ಹಿರಿಯರ ಹಕ್ಕು. ಮಾವ ಊರುಗೋಲನ್ನು ಪಾದ್ರಿಯ ಕೈಗೆ ತುರುಕಿ ಮಗುವನ್ನು ಎತ್ತಿಕೊಂಡರು.

“ಲುಡೋಲ್ಫ್ ಇಪ್ಪತ್ನಾಲ್ಕು!”

“ಇಪ್ಪತ್ಮೂರು, ದೊರೆ...” ಪಾದ್ರಿ ಪಿಸುಗುಟ್ಟಿದರು.

“ನಂಗೂ ಎಣಿಸಕ್ಕೆ ಬರತ್ತೆ ಕಣಯ್ಯಾ. ಇಪ್ಪತ್ಮೂರು ಬಂದ, ನಮ್ಮ ಗಲಾಟೆ ನೋಡಿ ಹೊರಟುಹೋದ. ಇವನಿಗೆ ನೀರು ಹಾಕು, ಶೀತ ಆಗತ್ತೆ.”

ಅತ್ತೆ ಬೀಸಣಿಗೆ ಮಡಚಿದರು. ನನಗೆ ಎದೆ ಹಗುರಾಗಿ, ಪ್ರಾರ್ಥನೆಯ ನಡುವೆಯೇ ನಗು ಬಂದುಬಿಟ್ಟಿತು. ರಾತ್ರಿ ಎರಡು ಬಟ್ಟಲು ಸಾರು ಕೇಳಿ ಕುಡಿದೆ.

ನಿನ್ನ ಮಠದ ಸೋದರಿಯರಿಗೆಲ್ಲ ನನ್ನ ನಮಸ್ಕಾರ. ನಿನ್ನ ಆಶೀರ್ವಾದ ಇಬ್ಬರು ಗಂಡುಮಕ್ಕಳ ಮೇಲೂ ಇರಲಿ. ಇಬ್ಬರು, ನೆನಪಿರಲಿ.

ನಿನ್ನ ತಂಗಿ,
ಸಿಡೋನಿ

ತಾ.ಕ.: ನೆಂಟರೆಲ್ಲ ಹೋದ ಮೇಲೆ ಮಾವ ಮಂಚದ ಪಕ್ಕ ಕೂತು, “ಅವನು ಯಾರ ಹಾಗಿದ್ದ ಮಗಳೇ?” ಎಂದು ಕೇಳಿದರು. ನನಗೆ ಸಂಕಟವಾದೀತೆಂದು ಆವತ್ತು ಬಟ್ಟೆ ಸುತ್ತಿ ಒಯ್ದುಬಿಟ್ಟಿದ್ದರು ಅಕ್ಕ. ನಾನು ಅವನ ಮುಖ ನೋಡಿಯೇ ಇಲ್ಲ. “ನಿಮ್ಮ ಹಾಗೇ ಇದ್ದ ಮಾವ,” ಎಂದೆ. ಮುದುಕರು ತಮ್ಮ ಮೂಗನ್ನೊಮ್ಮೆ ಮೆಲ್ಲಗೆ ಮುಟ್ಟಿ ನೋಡಿಕೊಂಡರು.