ಕಣ್ಣಿನ ಸೀಟಿಗೆ ಪೈಪೋಟಿ ಮಾಡಿದವರು ಯಾರು?

ವೈದ್ಯಕೀಯ ಸ್ನಾತಕೋತ್ತರ ಆಯ್ಕೆ ಸಮಿತಿಯ ಅಧ್ಯಕ್ಷರೇ,

ಈ ವರ್ಷ ಕಣ್ಣಿನ ಎಂ.ಎಸ್. ಸೀಟಿಗೆ ‘ಭಾರೀ ಪೈಪೋಟಿ’ ಇತ್ತೆಂದು ತಾವು ಹೇಳುತ್ತಿದ್ದೀರಿ. ಪೈಪೋಟಿ ಯಾರ ಯಾರ ನಡುವೆ ನಡೆಯಿತೆಂದು ಮಾತ್ರ ಹೇಳುತ್ತಿಲ್ಲ. ನನಗೆ ಅನುಮಾನ ಹುಟ್ಟಿರುವುದೇ ಅಲ್ಲಿ.

ರ‍್ಯಾಂಕ್ ಪಡೆದು ಎಂ.ಬಿ.ಬಿ.ಎಸ್. ಮುಗಿಸಿದ ನನ್ನ ಮಗಳು ವತ್ಸಲಾ ಕಣ್ಣಿನ ಡಾಕ್ಟರೇ ಆಗಬೇಕೆಂದು ಆ ಸೀಟಿಗೆ ಅರ್ಜಿ ಹಾಕಿದ್ದಳು. ಸಂದರ್ಶನಕ್ಕೆ ಮುಂಚೆ ತಮ್ಮ ಕಚೇರಿಯವರೊಬ್ಬರು ಅವಳನ್ನು ಪಕ್ಕಕ್ಕೆ ಕರೆದು, ಬಹಳ ಅಂತಃಕರಣದಿಂದ ಹೇಳಿದರಂತೆ: “ನೋಡಮ್ಮಾ, ಸರ್ಜರೀಲಿ ಮೆಡಲ್ ತಗೊಂಡಿರೋ ಹುಡುಗ ಇದಕ್ಕೇ ಹಾಕಿದಾನೆ. ನಿಂಗೆಲ್ಲಿ ಸಿಗುತ್ತೆ? ಸುಮ್ನೆ ಬೇರೆ ಸಬ್ಜೆಕ್ಟ್ ಬರ್ಕೊಟ್ಬಿಡು, ವರ್ಷ ಹಾಳಾಗಲ್ಲ.” ಹುಡುಗಿ ಹೆದರಿ ಬರೆದುಕೊಟ್ಟಳು. ಸಿಕ್ಕಿದ್ದು ಫಾರ್ಮಕಾಲಜಿ.

ಹಣೆಬರಹ ಎಂದು ಸುಮ್ಮನಾಗಿದ್ದೆವು. ಆದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ತಮ್ಮ ಅನುಮತಿ ಬೇಕಿಲ್ಲವಲ್ಲ! ಅಂದು ಸಂಜೆ ಪಕ್ಕದ ಮನೆಯ ಅಲಮೇಲು ನಮ್ಮಲ್ಲಿಗೆ ಅರಿಶಿನ ಕುಂಕುಮಕ್ಕೆ ಬರುವಾಗ, ವಿಜಯನಗರದ ತನ್ನ ಗೆಳತಿ ತುಂಗಾ ಅವರನ್ನೂ ಕರೆತಂದಳು. ಮಕ್ಕಳ ಓದಿನ ಮಾತು ಬಂತು.

“ನಮ್ಮ ಗೋಪೀನಾಥನೂ ಕಣ್ಣಿಗೇ ಹಾಕಿದ್ದ ಕಣ್ರೀ,” ಎಂದರು ತುಂಗಾ. “ಸರ್ಜರೀಲಿ ಮೆಡಲ್ ಬೇರೆ ಬಂದಿತ್ತು. ಯಾರೋ ರ‍್ಯಾಂಕ್ ಹುಡುಗಿ ಹಾಕಿದಾಳೆ, ನಿಂಗೆ ಸಿಗಲ್ಲ ಅಂದ್ರಂತೆ. ಬಿಟ್ಬಿಟ್ಟ.”

“ಯಾವ ಹುಡುಗಿಯಂತೆ?” ಎಂದೆ.

“ರಾಜಾಜಿನಗರದ ವತ್ಸಲಾ ಅಂತೆ.”

ಕೋಸಂಬರಿ ಕೊಡುತ್ತಿದ್ದ ವತ್ಸಲಾ ಅಲ್ಲೇ ಕೂತುಬಿಟ್ಟಳು.

ಹಾಗಾದರೆ ಸ್ವಾಮಿ, ಇವಳಿಗೆ ಅವನನ್ನು ತೋರಿಸಿ, ಅವನಿಗೆ ಇವಳನ್ನು ತೋರಿಸಿ, ಇಬ್ಬರನ್ನೂ ಹೆದರಿಸಿ ಕಳಿಸಿದ ಮೇಲೆ ತಮ್ಮ ಭಾರೀ ಪೈಪೋಟಿಯಲ್ಲಿ ಉಳಿದವರು ಯಾರು? ಇನ್ನೆಷ್ಟು ಮಂದಿಗೆ ಈ ಹಿತವಚನ ಸಂದಿದೆ? ಸೀಟು ಪಡೆದ ಪುಣ್ಯಾತ್ಮರು ಯಾರ ಮನೆಯ ಅಳಿಯನೆಂದು ನಾನು ಕೇಳುವುದಿಲ್ಲ. ಅವರಿಗೊಬ್ಬರಿಗೆ ಮಾತ್ರ ಯಾರೂ ಬುದ್ಧಿ ಹೇಳಲಿಲ್ಲವೇಕೆ ಎಂದು ಕೇಳುತ್ತೇನೆ.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್. ಓಟದ ಪಂದ್ಯ ನಡೆಸುವುದು ನನ್ನ ಕಸುಬು. ಗೆರೆಯ ಮೇಲೆ ನಿಂತ ಹುಡುಗಿಯರ ಕಿವಿಯಲ್ಲಿ ‘ನೀನು ಸೋಲ್ತೀಯ’ ಎಂದು ಒಬ್ಬೊಬ್ಬಳನ್ನೇ ಹಿಂದಕ್ಕೆ ಕಳಿಸಿ, ಉಳಿದವಳಿಗೆ ಕಪ್ ಕೊಟ್ಟಿದ್ದರೆ ಹೆಡ್‌ಮಿಸ್ಟ್ರೆಸ್ ಅವತ್ತೇ ನನ್ನನ್ನು ಮನೆಗೆ ಕಳಿಸುತ್ತಿದ್ದರು. ತಮ್ಮನ್ನು ಕಳಿಸುವವರು ಯಾರೋ ನನಗೆ ಗೊತ್ತಿಲ್ಲ.

ಬರುವ ಸೋಮವಾರ ವತ್ಸಲಾ ಫಾರ್ಮಕಾಲಜಿಗೆ ಸೇರಬೇಕು. ಸೇರಿದಳೆಂದರೆ ಕಣ್ಣಿನ ಡಾಕ್ಟರಾಗುವ ಆಸೆ ಅಲ್ಲಿಗೆ ಮುಗಿಯಿತು. ಅಷ್ಟರೊಳಗೆ ಅವಳನ್ನೂ ಗೋಪೀನಾಥನನ್ನೂ ಅದೇ ಸೀಟಿಗೆ ಮತ್ತೆ ಸಂದರ್ಶನಕ್ಕೆ ಕರೆಯಿರಿ. ನನ್ನ ಮಗಳಿಗೆ ಸೀಟು ಕೊಡಿ ಎಂದು ಬೇಡುತ್ತಿಲ್ಲ. ಅವಳು ಸೋತರೆ ಸೋಲಲಿ, ಅತ್ತರೆ ಸಮಾಧಾನ ಮಾಡಲು ನಾನಿದ್ದೇನೆ. ಆದರೆ ಓಡಲು ಬಿಟ್ಟು ಸೋಲಿಸಿ.

ಇಂತಿ,
ದೊಡ್ಡವರು ಹೇಳಿದ್ದನ್ನು ಕೇಳಬೇಕೆಂದು ಮಗಳಿಗೆ ಕಲಿಸಿ ಕೆಟ್ಟ
ಸತ್ಯವತಿ
ರಾಜಾಜಿನಗರ, ಆಗಸ್ಟ್ ೧೯೭೮